ಗರಗಸದ ಆಚೆ ಹಿಡಿ

ಶಾಲೆಯವರು ಕೊಟ್ಟ ಕಾಗದದಲ್ಲಿ ನನ್ನ ದೊಡ್ಡ ಮಗಳ ಬಗ್ಗೆ ನಾಲ್ಕು ಸಾಲು ಇವೆ. ಅವಳಿಗೆ ಕೋಪ ತಡೆಯಲು ಬರುವುದಿಲ್ಲವಂತೆ. ಜೊತೆಯ ಮಕ್ಕಳಿಗೆ ಅಪಾಯವಂತೆ. ಹೇಳಿ ನೋಡಿದರೂ ತಿದ್ದಿಕೊಂಡಿಲ್ಲವಂತೆ. ಆದ್ದರಿಂದ ತಾಯಿಯಾದ ನಾನೇ ಸ್ವಂತ ಇಷ್ಟದಿಂದ ಅವಳನ್ನು ಶಾಲೆ ಬಿಡಿಸುತ್ತಿದ್ದೇನಂತೆ. ಕೆಳಗೆ ಗೀಟು ಎಳೆದು ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಒಂದು ವಾರ ಟೈಮು ಕೊಟ್ಟಿದ್ದರು.

ಹದಿನಾರು ವರ್ಷದ ಹುಡುಗಿಯನ್ನು ನಾಲ್ಕು ಸಾಲಿನಲ್ಲಿ ಮುಗಿಸುವ ಹಕ್ಕು ಅವರಿಗಿದ್ದರೆ, ನಾಲ್ಕು ಹಾಳೆ ಬರೆಯುವ ಹಕ್ಕು ಹೆತ್ತವಳಿಗೂ ಇದೆ. ನಾನು ಐದನೇ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಸುಳ್ಳಿದ್ದರೆ ಬಂದು ಕೇಳಿ.

ಅವಳಿಗೆ ಮೂರು ವರ್ಷ ತುಂಬಿದಾಗ ತಂಗಿ ಹುಟ್ಟಿದಳು. ಬಟ್ಟೆ ಸುತ್ತಿದ ಕೂಸನ್ನು ನೋಡಿ, ಎಲ್ಲಿಂದ ತಂದಿರೋ ಅಲ್ಲೇ ಬಿಟ್ಟು ಬನ್ನಿ ಎಂದಳು. ನಾವು ಬಿಟ್ಟು ಬರಲಿಲ್ಲ. ಒಂದು ವಾರ ಅಪ್ಪ ಅಮ್ಮ ಇಬ್ಬರ ಜೊತೆಗೂ ಟೂ ಬಿಟ್ಟಳು. ಎಂಟನೇ ದಿನ ಬೀದಿ ನಾಯಿಯೊಂದು ಬಾಗಿಲಿಗೆ ಬಂದು ಕೂಸಿನ ಕಡೆ ಬೊಗಳಿತು. ಇವಳು ಮೊಣಕೈ ಉದ್ದದ ಮರದ ಪಟ್ಟಿ ಹಿಡಿದು ಬೀದಿಯ ಕೊನೆಯವರೆಗೆ ಅದನ್ನು ಅಟ್ಟಿಸಿಕೊಂಡು ಹೋದಳು. ಅಂದಿನಿಂದ ತಂಗಿ ಇವಳ ಸ್ವತ್ತು. ಹೊಡೆದರೂ ಇವಳೇ ಹೊಡೆಯಬೇಕು.

ನಾಲ್ಕು ವರ್ಷದವಳಿದ್ದಾಗ ಹಲಗೆ ರಾಶಿಯ ಮೇಲಿಂದ ಬಿದ್ದು ಮೂಗಿನ ಮೂಳೆ ಸೊಟ್ಟಗಾಯಿತು. ಕೋಪ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರಲ್ಲ, ಇವಳದು ನಿಜವಾಗಿ ಅಲ್ಲೇ ಬಂದು ಕುಳಿತಿತು. ಸಿಟ್ಟು ಏರಿ ಉಸಿರು ಜೋರಾದರೆ ಮೂಗು ಸಣ್ಣಗೆ ಕೂಗುತ್ತದೆ. ಒಂದು ಕೂಗಿಗೆ ಹೆದರಬೇಕಿಲ್ಲ. ಎರಡಾದರೆ ಕೈಯಲ್ಲಿರುವುದನ್ನು ತೆಗೆದುಕೊಳ್ಳಬೇಕು. ಮೂರಾದರೆ ದೂರ ಸರಿಯಬೇಕು. ಈ ಗುಟ್ಟು ಮನೆಯ ನಾಲ್ವರಿಗೆ ಮಾತ್ರ ಗೊತ್ತಿತ್ತು. ಸೂಜಿ ಚುಚ್ಚಲು ಬಂದ ನರ್ಸಮ್ಮನಿಗೆ ಗೊತ್ತಿರಲಿಲ್ಲ. ಆಮೇಲೆ ಆಕೆಯೇ ಒಂದು ಸೂಜಿ ಹಾಕಿಸಿಕೊಳ್ಳಬೇಕಾಯಿತು, ಕೈ ಕಚ್ಚಿದ್ದಕ್ಕೆ.

ನಮ್ಮವರು ಮಗಳನ್ನು ಬೈಯುತ್ತಿರಲಿಲ್ಲ. ನಾನು ಬೆತ್ತ ಹುಡುಕಿದರೆ ಅಡ್ಡ ಬರುತ್ತಿದ್ದರು. "ಹೊರಗೆ ಬರ್ಲಿ ಬಿಡೇ. ಒಳಗೇ ಉಳಿದ್ರೆ ಮೊಳೆ ಆಗುತ್ತೆ" ಎನ್ನುತ್ತಿದ್ದರು.

ಮೊಳೆಯ ಮಾತು ನಮ್ಮ ಕೆಲಸದ್ದು. ಹಳೆ ಕಟ್ಟಡ ಕೆಡವಿದಾಗ ಬರುವ ತೊಲೆ, ಕಂಬ, ಬಾಗಿಲ ಚೌಕಟ್ಟು ತಂದು ಕೊಯ್ದು ಬಡಗಿಗಳಿಗೆ ಕೊಡುತ್ತೇವೆ. ದೊಡ್ಡ ಮಿಲ್ಲಿನವರು ಈ ಮರ ಮುಟ್ಟುವುದಿಲ್ಲ. ಒಳಗೆ ಹಳೆ ಮೊಳೆ ಅಡಗಿರುತ್ತದೆ. ಮೇಲೆ ನೋಡಿದರೆ ಗುರುತೇ ಸಿಗದು. ಮಿಷಿನ್ನಿನ ಅಲಗು ಒಂದು ಮೊಳೆಗೆ ತಾಗಿದರೆ ತುಂಡಾಗಿ ಹಾರುತ್ತದೆ. ಕೈ ಗರಗಸವಾದರೆ ಹಿಡಿಯಲ್ಲಿ ಸಣ್ಣ ನಡುಕ ಬರುತ್ತದೆ. ನಿಲ್ಲಿಸಬಹುದು, ಮೊಳೆ ಕಿತ್ತು ಮುಂದೆ ಹೋಗಬಹುದು. ಅದರಿಂದಲೇ ನಮ್ಮ ಹೊಟ್ಟೆಪಾಡು ನಡೆಯುತ್ತಿದೆ.

ನಮ್ಮದು ಆಳುದ್ದದ ಗರಗಸ. ಎರಡು ತುದಿಗೂ ಮರದ ಹಿಡಿ. ಮರದ ಕಾಲುಗಳಿರುವ ಎರಡು ಕವೆಗಳ ಮೇಲೆ ತೊಲೆ ಮಲಗಿಸಿ ಇಬ್ಬರು ಎದುರುಬದುರು ನಿಲ್ಲಬೇಕು. ಮದುವೆಯಾದ ಮೊದಲ ವಾರವೇ ನಮ್ಮವರು ನನಗೆ ಈಚೆ ಹಿಡಿ ಕೊಟ್ಟು ಒಂದೇ ಪಾಠ ಹೇಳಿದರು. ನಿನ್ನ ಸರದಿಯಲ್ಲಿ ಎಳಿ. ಎದುರಿನವರ ಸರದಿಯಲ್ಲಿ ಕೈ ಹಿಡಿಯ ಮೇಲೇ ಇರಲಿ, ಆದರೆ ಸಡಿಲ ಬಿಡು. ಸಹಾಯ ಮಾಡುತ್ತೇನೆಂದು ತಳ್ಳಬೇಡ. ತಳ್ಳಿದರೆ ಅಲಗು ನಡುವೆ ಬಾಗಿ ಸಿಕ್ಕಿಬೀಳುತ್ತದೆ. ಬಲ ಇದ್ದವರೇ ಈ ತಪ್ಪು ಮಾಡುವುದು. ನಾನೂ ಎರಡು ವರ್ಷ ಮಾಡಿದೆ.

ಚಿಕ್ಕವಳು ಮಾತ್ರ ಒಂದೇ ದಿನದಲ್ಲಿ ಕಲಿತಳು. ಅವಳಿಗೆ ಹತ್ತು ವರ್ಷವಿದ್ದಾಗ ಅಕ್ಕನ ಎದುರು ನಿಲ್ಲಿಸಿದೆವು. ಬೆಣ್ಣೆಯ ಹಾಗೆ ನಡೆಯಿತು. ಆಮೇಲೆ ನಾನು ಗಮನಿಸಿದೆ, ಅವಳು ಅದನ್ನೇ ಅಕ್ಕನ ಸಿಟ್ಟಿಗೂ ಮಾಡುತ್ತಿದ್ದಳು. ದೊಡ್ಡವಳ ಮೂಗು ಎರಡು ಸಲ ಕೂಗಿದ ತಕ್ಷಣ ಪಕ್ಕಕ್ಕೆ ಬಂದು ಅವಳ ಮಣಿಕಟ್ಟಿನ ಮೇಲೆ ಕೈ ಇಡುತ್ತಿದ್ದಳು. ಹಿಡಿಯುತ್ತಿರಲಿಲ್ಲ, ಇಡುತ್ತಿದ್ದಳು. ಒಂದು ಮಾತಿಲ್ಲ. ದೊಡ್ಡವಳು ಬೈದು, ಒದರಿ, ಕೊನೆಗೆ ಬಾಯಿ ಒಣಗಿ ನೀರು ಕೇಳುತ್ತಿದ್ದಳು. ಮೂರನೇ ಕೂಗು ಬರುತ್ತಲೇ ಇರಲಿಲ್ಲ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ನಾನು ಮತ್ತು ನಮ್ಮವರು ಒಂದು ಕಂಬ ಕೊಯ್ಯುತ್ತಿದ್ದೆವು. ಅರ್ಧ ಆಗಿತ್ತು. ಗರಗಸ ಇದ್ದಕ್ಕಿದ್ದ ಹಾಗೆ ಭಾರವಾಯಿತು. ನಾನು ತಲೆ ಎತ್ತಲಿಲ್ಲ. "ತಳ್ತಾ ಇದೀರಲ್ಲ, ಇಪ್ಪತ್ತು ವರ್ಷ ಆದ್ರೂ ಬುದ್ಧಿ ಬರ್ಲಿಲ್ವಾ" ಎಂದೆ. ಮತ್ತೆ ಎಳೆದೆ. ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವರು ಹಿಡಿಯ ಮೇಲೆ ಎದೆ ಇಟ್ಟು ಬಗ್ಗಿದ್ದರು.

ಅವರಿಗೆ ನಾನು ಆಡಿದ ಕೊನೆಯ ಮಾತು ಅದು. ಹೃದಯ ನಿಂತಿತ್ತು ಎಂದು ಡಾಕ್ಟರು ಹೇಳಿದರು. ಬೇರೆ ಏನೂ ಬರೆಯುವುದಿಲ್ಲ. ಆಚೆ ಹಿಡಿಯಲ್ಲಿ ಅವರ ಅಂಗೈ ತಿಕ್ಕಿ ತಿಕ್ಕಿ ಕಪ್ಪಾದ ಜಾಗ ಇದೆ. ಅದನ್ನು ಒರೆಸಲು ನಾನು ಯಾರನ್ನೂ ಬಿಡುವುದಿಲ್ಲ.

ಹದಿನೈದು ದಿನ ಆದ ಮೇಲೆ ದೊಡ್ಡವಳು ಶೆಡ್ಡಿಗೆ ಬಂದು ಆಚೆ ಹಿಡಿಗೆ ಕೈ ಹಾಕಿದಳು. ಅರ್ಧ ಕೊಯ್ದ ಕಂಬ ಹಾಗೇ ಇತ್ತು. ಮುಗಿಸೋಣ ಎಂದಳು. ಅಳುತ್ತಲೇ ಎಳೆದಳು, ಬೈಯುತ್ತಲೇ ಎಳೆದಳು. ಅಪ್ಪನನ್ನೂ ಬೈದಳು, ಹೇಳದೆ ಕೇಳದೆ ಹೋದದ್ದಕ್ಕೆ. ಕಂಬ ಎರಡು ಹೋಳಾಯಿತು. ಆಮೇಲೆ ಒಳಗೆ ಹೋಗಿ ನೀರಿನ ಕೊಡ ಎತ್ತಿ ಅಂಗಳಕ್ಕೆ ಎಸೆದಳು.

ಚಿಕ್ಕವಳು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಲೋಟ ತೊಳೆದಳು. ನನ್ನ ತಲೆ ಬಾಚಿದಳು. ಬಂದ ನೆಂಟರೆಲ್ಲ ಹೊಗಳಿದರು. ಎಷ್ಟು ಗಟ್ಟಿ ಹುಡುಗಿ, ತಾಯಿಗೆ ಆಸರೆ, ದೊಡ್ಡವಳು ಇವಳನ್ನು ನೋಡಿ ಕಲಿಯಬೇಕು ಎಂದರು. ನಾನೂ ಹೂಂ ಎಂದೆ. ಆ ಹೂಂ ನನ್ನ ತಪ್ಪು.

ಇನ್ನು ಶಾಲೆಯ ಮಾತು. ದೊಡ್ಡವಳಿಗೆ ಒಂದನೇ ತರಗತಿಯಿಂದ ಒಬ್ಬಳು ಗೆಳತಿ. ನಮ್ಮ ಬೀದಿಯವಳೇ. ಮೊಣಕಾಲಿಗೆ ಬರುವ ಜಡೆ, ಅದಕ್ಕೆ ನಾವು ಜಡೆಯವಳು ಎನ್ನುತ್ತೇವೆ. ಇಬ್ಬರೂ ಒಂದೇ ಬೆಂಚು, ಒಂದೇ ಡಬ್ಬಿ. ಅಪ್ಪ ಹೋದ ಮೇಲೆ ಇವಳು ಮುಳ್ಳಾದಳು. ಮಾತಾಡಿಸಿದರೆ ಕಷ್ಟ, ಮಾತಾಡಿಸದಿದ್ದರೂ ಕಷ್ಟ. ಜಡೆಯವಳು ಏಳೆಂಟು ತಿಂಗಳು ತಡೆದುಕೊಂಡಳು. ಆಮೇಲೆ ಕಿಟಕಿ ಪಕ್ಕದ ಬೆಂಚಿನ ಹುಡುಗಿಯರ ಜೊತೆ ಹೋಗಿ ಕುಳಿತಳು.

ಸ್ವಲ್ಪ ದಿನಕ್ಕೆ ನನ್ನ ಮಗಳಿಗೆ ಹೊಸ ಹೆಸರು ಬಿತ್ತು. ಕುಕ್ಕರ್. ಯಾರಾದರೂ ಏನಾದರೂ ಅಂದು ಅವಳನ್ನು ಕೆಣಕುವುದು. ಮೂಗು ಕೂಗಿದರೆ ಹಿಂದಿನಿಂದ ಮೆಲ್ಲಗೆ "ಒಂದು" ಎನ್ನುವುದು. ಮತ್ತೆ ಕೂಗಿದರೆ "ಎರಡು". ಇಡೀ ತರಗತಿ ಬಾಯಿ ಮುಚ್ಚಿ ಮೂರನೆಯದಕ್ಕೆ ಕಾಯುವುದು. ಮೇಡಂ ಬೋರ್ಡಿನ ಕಡೆ ತಿರುಗಿದಾಗ ಆಡುವ ಆಟ. ಇದು ಎರಡು ತಿಂಗಳು ನಡೆಯಿತು. ಮನೆಗೆ ಬಂದು ಒಂದು ಮಾತು ಹೇಳಲಿಲ್ಲ ಅವಳು.

ಒಂದು ದಿನ ಮೂರನೆಯದು ಬಂತು. ಡೆಸ್ಕನ್ನು ಎರಡೂ ಕೈಯಲ್ಲಿ ತಳ್ಳಿದಳು. ಗರಗಸ ಎಳೆದ ಕೈ, ಬಲ ಇದೆ. ಡೆಸ್ಕು ಹೋಗಿ ಮುಂದಿನ ಬೆಂಚಿನ ಹುಡುಗಿಯ ಕಾಲಿನ ಮೇಲೆ ಬಿತ್ತು. ಹೆಬ್ಬೆರಳ ಉಗುರು ಹೋಯಿತು. ಆ ಹುಡುಗಿ ಎಣಿಸಿದವಳೂ ಅಲ್ಲ. ಅದು ತಪ್ಪು. ತಪ್ಪನ್ನು ತಪ್ಪೆಂದೇ ಬರೆಯುತ್ತೇನೆ. ಮರುದಿನ ದೊಡ್ಡವಳು ಆ ಹುಡುಗಿಯ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ ಬಂದಳು. ಯಾರೂ ಕಳಿಸಿರಲಿಲ್ಲ.

ಹೆಡ್ ಮೇಡಂ ನನ್ನನ್ನು ಕರೆಸಿದರು. ಕಾಗದ ಮೇಜಿನ ಮೇಲೆ ರೆಡಿ ಇತ್ತು. ಒಳ್ಳೆ ಮಾತಿನಲ್ಲೇ ಹೇಳಿದರು. ಶಾಲೆಯೇ ತೆಗೆದರೆ ಹುಡುಗಿಯ ದಾಖಲೆಯಲ್ಲಿ ಕಪ್ಪು ಉಳಿಯುತ್ತದೆ, ನೀವೇ ಬಿಡಿಸಿದರೆ ಏನೂ ಉಳಿಯುವುದಿಲ್ಲ ಎಂದರು. "ಕೋಪದಲ್ಲಿ ಕುಯ್ದ ಮೂಗು ಶಾಂತವಾದ್ಮೇಲೆ ಬರಲ್ಲಮ್ಮ" ಎಂದು ಗಾದೆಯನ್ನೂ ಹೇಳಿದರು. ನನ್ನ ಮಗಳ ಮೂಗು ಇದ್ದಲ್ಲೇ ಇದೆ ಮೇಡಂ, ಅದರ ಮೇಲೇ ಎಲ್ಲರ ಕಣ್ಣು ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಡೆಸ್ಕಿನ ಕಥೆ ಗೊತ್ತಿತ್ತು, ಎಣಿಸುವ ಆಟದ್ದು ಬೀದಿಯ ಮಕ್ಕಳ ಬಾಯಿಂದ ಅಷ್ಟಿಷ್ಟು ಗೊತ್ತಾಗಿತ್ತು. ಎಲ್ಲಿಂದ ಹುಟ್ಟಿತು ಎನ್ನುವುದು ಗೊತ್ತಿರಲಿಲ್ಲ.

ಮನೆಗೆ ಬಂದರೆ ದೊಡ್ಡವಳು ಸಹಿ ಹಾಕಮ್ಮ ಎಂದಳು. ಶಾಲೆ ಸಾಕು, ಶೆಡ್ಡಿನಲ್ಲಿ ದುಡಿಯುತ್ತೇನೆ, ನಿನಗೂ ಆಚೆ ಕಡೆ ಒಬ್ಬರು ಬೇಕಲ್ಲ ಎಂದಳು. ಸತ್ಯ ಹೇಳುತ್ತೇನೆ, ಒಂದು ಗಳಿಗೆ ನನಗೂ ಆಸೆಯಾಯಿತು. ಒಂಟಿ ಕೈಯಲ್ಲಿ ಜೋಡಿ ಗರಗಸ ನಡೆಯುವುದಿಲ್ಲ. ಆದರೆ ಓಡಿಸಿದರು ಎಂದು ಓಡಿ ಬಂದವಳ ಕೈಯಲ್ಲಿ ನಮ್ಮವರ ಹಿಡಿ ಕೊಡಲು ನನಗೆ ಮನಸ್ಸಾಗಲಿಲ್ಲ. ಬೇಕಿದ್ದರೆ ಓದಿ ಮುಗಿಸಿ ಬಾ ಎಂದೆ. ಅವಳ ಮೂಗು ಎರಡು ಸಲ ಕೂಗಿತು. ನಾನು ಸುತ್ತ ನೋಡಿದೆ. ಚಿಕ್ಕವಳು ಅಲ್ಲೇ ಇದ್ದಳು, ಆದರೆ ಎದ್ದು ಬರಲಿಲ್ಲ. ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲ.

ಭಾನುವಾರ ಬಡಗಿಗೆ ಒಂದು ತೊಲೆ ಕೊಯ್ದು ಕೊಡಬೇಕಿತ್ತು. ನನ್ನ ಭುಜ ಹಿಡಿದುಕೊಂಡಿತ್ತು, ಮಕ್ಕಳಿಬ್ಬರನ್ನೂ ನಿಲ್ಲಿಸಿದೆ. ನಾನು ಅರ ಹಿಡಿದು ಇನ್ನೊಂದು ಗರಗಸದ ಹಲ್ಲು ಮಸೆಯುತ್ತ ಕುಳಿತೆ. ಕಿವಿ ಅವರ ಕಡೆ. ಹತ್ತು ಎಳೆತ ಸರಿ ಹೋಯಿತು. ಆಮೇಲೆ ಗರಗಸದ ಸದ್ದು ಕೆಟ್ಟಿತು. ತಿರುಗಿ ನೋಡುವಷ್ಟರಲ್ಲಿ ಅಲಗು ತೊಲೆಯ ಮೇಲೆ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು.

ದೊಡ್ಡವಳು ತಳ್ಳಿರಬೇಕು ಎಂದು ಯಾರಾದರೂ ಹೇಳುತ್ತಾರೆ. ನಾನೂ ಬೈಯಲು ಬಾಯಿ ತೆರೆದೆ. ಆದರೆ ಬಾಗು ಯಾವ ಕಡೆಗಿದೆ ಎಂದು ನೋಡಿದರೆ ತಳ್ಳಿದ್ದು ಯಾರು ಎಂದು ತಿಳಿಯುತ್ತದೆ. ತಳ್ಳಿದವಳು ಚಿಕ್ಕವಳು. ಮೂರು ವರ್ಷದಲ್ಲಿ ಒಂದು ಸಲವೂ ತಳ್ಳದವಳು.

ಹತ್ತಿರ ಹೋದೆ. ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು. ಹಿಡಿ ಬಿಡು ಎಂದೆ. ಬಿಡಲಿಲ್ಲ. ಬೆರಳು ಒಂದೊಂದಾಗಿ ನಾನೇ ಬಿಡಿಸಿದೆ. ಏನಾಯಿತು ಎಂದು ಕೇಳಿದೆ. ಅವಳು ಅಕ್ಕನನ್ನು ನೋಡಿ ಹೇಳಿದಳು.

"ಕುಕ್ಕರ್ ಅಂತ ಹೆಸರು ಬಂದಿದ್ದು ನನ್ನಿಂದ ಅಕ್ಕ. ಮೂಗಿನ ವಿಷಯ ಜಡೆಯವಳಿಗೆ ನಾನೇ ಹೇಳಿದ್ದು."

ದೊಡ್ಡವಳು ಯಾಕೆ ಎಂದು ಒಂದೇ ಪದ ಕೇಳಿದಳು.

"ಶಾಲೇಲಿ ನಿನ್ನ ಪಕ್ಕ ನಾನಿರಲ್ವಲ್ಲ. ನನ್ನ ಕ್ಲಾಸೇ ಬೇರೆ. ಎರಡು ಸಲ ಕೂಗಿದಾಗ ಯಾರಾದ್ರೂ ಕೈ ಇಡ್ಬೇಕಲ್ಲ ಅಂತ ಅವಳಿಗೆ ಹೇಳ್ಕೊಟ್ಟೆ. ಯಾರಿಗೂ ಹೇಳಲ್ಲ ಅಂದಿದ್ಲು."

ಒಳ್ಳೆಯದು ಮಾಡಲು ಹೋಗಿ ಮಾಡಿದ ಕೆಲಸ. ಜಡೆಯವಳು ಹೊಸ ಬೆಂಚಿನಲ್ಲಿ ಜಾಗ ಗಟ್ಟಿ ಮಾಡಿಕೊಳ್ಳಲು ಅದನ್ನು ಅಲ್ಲಿ ಹೇಳಿ ನಗಿಸಿದಳು. ಹದಿನಾರರ ವಯಸ್ಸಿನಲ್ಲಿ ಬೆಂಚಿನಲ್ಲಿ ಜಾಗ ಸಿಗುವುದು ಸಣ್ಣ ವಿಷಯವಲ್ಲ, ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ.

ನಾನು ಮೂರು ಕೂಗಿಗೆ ಕಾದೆ. ದೊಡ್ಡವಳ ಮೂಗು ಒಂದು ಸಲವೂ ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಅವಳು ಶೆಡ್ಡಿನಿಂದ ಹೊರಗೆ ನಡೆದಳು. ಮೂರು ದಿನ ತಂಗಿಯ ಜೊತೆ ಮಾತಿಲ್ಲ. ಬಾಚಣಿಗೆ ಬೇಕಾದರೂ "ಅಮ್ಮ, ಅವಳಿಗೆ ಕೊಡೋಕೆ ಹೇಳು." ತಂಗಿ ನನ್ನ ಕೈಗೆ ಕೊಡುವುದು, ನಾನು ಎರಡು ಅಡಿ ದೂರದಲ್ಲಿದ್ದ ಇವಳ ಕೈಗೆ ಕೊಡುವುದು. ಪೋಸ್ಟಿನ ಕೆಲಸ ಇಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಆ ಮೂರು ದಿನ ನಾನು ಅಲಗನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೆಟ್ಟಗೆ ಮಾಡಿದೆ. ಪೂರ್ತಿ ಆಗಲಿಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ನಡುವೆ ಇನ್ನೂ ಸಣ್ಣ ಅಲೆ ಇದೆ.

ವಾರ ಮುಗಿದ ದಿನ ಇಬ್ಬರನ್ನೂ ಕರೆದುಕೊಂಡು ಶಾಲೆಗೆ ಹೋದೆ. ಹೆಡ್ ಮೇಡಂ ಪೆನ್ನು ಮುಂದೆ ಇಟ್ಟರು. ಸಹಿ ಹಾಕುವುದಿಲ್ಲ ಎಂದೆ. ಅವರು ಉಸಿರು ಬಿಟ್ಟು ಮತ್ತೆ ಮೊದಲಿಂದ ಶುರು ಮಾಡಿದರು. ದಾಖಲೆ, ಕಪ್ಪು, ಬೇರೆ ಮಕ್ಕಳ ತಾಯಿ ತಂದೆ. ಆಮೇಲೆ ಚಿಕ್ಕವಳ ಕಡೆ ನೋಡಿ ನಕ್ಕರು.

"ಇದೇ ಮನೆಯಲ್ಲಿ ಬೆಳೆದಿರೋ ಹುಡುಗಿ ನೋಡಿ, ಬಂಗಾರ. ಅಪ್ಪ ಹೋದ್ರೂ ಒಂದು ದಿನ ತಾಳ್ಮೆ ಕಳ್ಕೊಂಡಿಲ್ಲ. ಇವಳಿಗಿರೋ ಸಂಯಮದಲ್ಲಿ ಅಕ್ಕನಿಗೆ ಅರ್ಧ ಇದ್ದಿದ್ರೆ ಸಾಕಿತ್ತು."

ಚಿಕ್ಕವಳು ಕುರ್ಚಿಯಿಂದ ಎದ್ದಳು.

"ನಾನು ಬಂಗಾರ ಅಲ್ಲ ಮೇಡಂ" ಎಂದಳು. ದನಿ ಅವಳದಲ್ಲ. "ಎಣಿಸೋ ಆಟ ನನ್ನಿಂದ ಶುರುವಾಗಿದ್ದು. ಅಪ್ಪ ಸತ್ತಾಗ ಅಳ್ಲಿಲ್ಲ ಅಂತ ಎಲ್ರೂ ಹೊಗಳಿದ್ರು. ಹೊಗಳಿದ್ಮೇಲೆ ಅಳೋದು ಹೇಗೆ ಮೇಡಂ? ನೀವೇ ಹೇಳಿ, ಅಳೋದು ಹೇಗೆ?"

ಕೊನೆಯ ಮಾತಿಗೆ ಮೇಜಿಗೆ ಎರಡೂ ಕೈಯಲ್ಲಿ ಬಡಿದಳು. ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡು ಉರುಳಿ ಬಿದ್ದು ಒಡೆಯಿತು. ಪೆನ್ನುಗಳು ಹಾರಿದವು. ಬಾಗಿಲಲ್ಲಿ ಜವಾನ ಇಣುಕಿದ. ಅವಳು ನಿಲ್ಲಲಿಲ್ಲ, ಏನೇನೋ ಕೂಗಿದಳು. ಕುರ್ಚಿ ಹಾಕಿದ್ದು, ಲೋಟ ತೊಳೆದದ್ದು, ಎಲ್ಲ. ಹೆಡ್ ಮೇಡಂ ಎದ್ದು ಬಂದು, ಸಮಾಧಾನ ಮಾಡ್ಕೋ ಮಗು, ಸಮಾಧಾನ ಎಂದು ಅವಳ ಭುಜ ಗಟ್ಟಿಯಾಗಿ ಹಿಡಿದರು. ಅವಳು ಇನ್ನೂ ಜೋರಾದಳು.

ಆಗ ದೊಡ್ಡವಳು ಎದ್ದಳು. ಮೂರು ದಿನದಿಂದ ತಂಗಿಯ ಮುಖ ನೋಡದವಳು. ನಡುವೆ ನಿಂತು ಮೇಡಂ ಕೈಯನ್ನು ಮೆಲ್ಲಗೆ ಸರಿಸಿದಳು. ತಂಗಿಯ ಮಣಿಕಟ್ಟಿನ ಮೇಲೆ ತನ್ನ ಕೈ ಇಟ್ಟಳು. ಹಿಡಿಯಲಿಲ್ಲ, ಇಟ್ಟಳು.

"ಸಮಾಧಾನ ಅನ್ಬೇಡಿ ಮೇಡಂ, ಅದು ತಳ್ಳಿದ ಹಾಗೆ ಆಗುತ್ತೆ. ಇದು ಅವಳ ಸರದಿ. ಮುಗಿಸ್ಲಿ."

ಮೇಡಂಗೆ ಏನು ತಿಳಿಯಿತೋ. ನನಗೆ ತಿಳಿಯಿತು. ನಾನು ನನ್ನ ಸೆರಗು ಬಾಯಿಗೆ ಇಟ್ಟುಕೊಂಡೆ. ಗೋಡೆ ಗಡಿಯಾರದಲ್ಲಿ ಐದು ನಿಮಿಷ ಆಯಿತು. ಚಿಕ್ಕವಳ ದನಿ ಇಳಿಯಿತು. ನೀರು ಕೇಳಿದಳು. ಜವಾನ ಓಡಿ ತಂದ.

ನಾನು ಕಾಗದ ಎತ್ತಿಕೊಂಡು ಮಾತಾಡಿದೆ. "ಇವಳು ತಿದ್ದಿಕೊಂಡಿಲ್ಲ ಅಂತ ಬರೆದಿದೀರಿ. ಈಗ ಕಣ್ಣಾರೆ ನೋಡಿದ್ರಲ್ಲ, ಅದನ್ನೂ ಬರೀರಿ. ಎರಡು ತಿಂಗಳು ಎಣಿಸಿದವರ ಮನೆಗೂ ಇಂಥದ್ದೇ ಒಂದೊಂದು ಕಾಗದ ಕಳಿಸಿ. ಅವರ ತಾಯಂದಿರೆಲ್ಲ ಸಹಿ ಹಾಕ್ಲಿ. ಕೊನೇದು ನಂದು ಹಾಕ್ತೀನಿ."

ಮೇಡಂ ಬಗ್ಗಿ ಗಾಜಿನ ಚೂರು ಆರಿಸತೊಡಗಿದರು. ದೊಡ್ಡವಳೂ ಬಗ್ಗಿದಳು. ಇಬ್ಬರೂ ಮೇಜಿನ ಕೆಳಗಿದ್ದಾಗ ಮೇಡಂ ಅವಳನ್ನು ಏನೋ ಕೇಳಿದರು, ಅವಳು ಏನೋ ಹೇಳಿದಳು. ಎದ್ದ ಮೇಲೆ, ಪರೀಕ್ಷೆವರೆಗೆ ನೋಡೋಣ ಎಂದರು. ನೋಡಿ, ನಾವೂ ನೋಡ್ತೀವಿ ಎಂದೆ.

ಬಸ್ ಸ್ಟಾಪಿನಲ್ಲಿ ಚಿಕ್ಕವಳಿಗೆ ಅಳು ಬಂತು. ಹನ್ನೊಂದು ತಿಂಗಳ ಅಳು. ರಸ್ತೆಯ ಮೇಲೆ ಕೂತು ದೊಡ್ಡ ಬಾಯಿ ಮಾಡಿ ಅತ್ತಳು. ಜನ ನಿಂತರು. ನಾನು ಪಕ್ಕ ಕೂತೆ. ದೊಡ್ಡವಳು ನಮ್ಮಿಬ್ಬರ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಏನ್ ನೋಡ್ತೀರಿ? ಅಪ್ಪ ಹೋಗಿದಾರೆ, ಅಳ್ತಿದಾಳೆ. ನಿಮ್ ಬಸ್ ಬಂತು, ಹೋಗಿ" ಎಂದಳು. ಮೂಗು ಕೂಗುತ್ತಿತ್ತು. ನಾನು ಎಣಿಸಲಿಲ್ಲ.

ಆಮೇಲೆ ಶಾಲೆಯಲ್ಲಿ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೇಡಂ ತರಗತಿಗೆ ಬಂದು ಒಂದು ದಿನ ಗಟ್ಟಿಯಾಗಿ ಮಾತಾಡಿದರಂತೆ. ಮೂರು ದಿನ ಸುಮ್ಮನಿದ್ದು ನಾಲ್ಕನೇ ದಿನ ಯಾರೋ ಮತ್ತೆ "ಒಂದು" ಎಂದರು. ನನ್ನ ಮಗಳು ಪುಸ್ತಕ ಮುಚ್ಚಿ ಎದ್ದು ನಿಂತು, ಎರಡು, ಮೂರು ಎಂದು ತಾನೇ ಎಣಿಸಿ, "ಬೆಂದಿದೆ, ಇಳಿಸ್ಕೊಳ್ಳಿ" ಎಂದು ಕುಳಿತಳಂತೆ. ಉಗುರು ಹೋದ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳಂತೆ. ಈಗ ಅವಳೇ ಇವಳ ಪಕ್ಕ ಕೂರುತ್ತಾಳೆ, ಕಾಲು ಒಳಗೆ ಎಳೆದುಕೊಂಡು.

ಹೋದ ಭಾನುವಾರ ಜಡೆಯವಳು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದು ನಾನು ಹೇಳಲಿಲ್ಲ. ಮಕ್ಕಳಿಬ್ಬರೂ ತೊಲೆ ಕೊಯ್ಯುತ್ತಿದ್ದರು. ಅಲಗಿನ ಅಲೆಗೆ ಈಗ ಒಂಚೂರು ನಿಧಾನವಾಗಿ ಎಳೆಯಬೇಕು, ಕಲಿತಿದ್ದಾರೆ. ಜಡೆಯವಳು ತುಂಬ ಹೊತ್ತು ನಿಂತಳು. ಕೊನೆಗೆ ನಾನೊಂದು ಸಲ ಹಿಡಿಯಲಾ ಎಂದು ಕೇಳಿದಳು.

ದೊಡ್ಡವಳು ತಂಗಿಯನ್ನು ನೋಡಿದಳು. ತಂಗಿ ಭುಜ ಹಾರಿಸಿದಳು.

"ಪೊರಕೆ ಅಲ್ಲಿದೆ" ಎಂದಳು ದೊಡ್ಡವಳು. "ಮೊದ್ಲು ಪುಡಿ ಗುಡಿಸು."

ಜಡೆಯವಳು ಜಡೆಯನ್ನು ಸೊಂಟಕ್ಕೆ ಸಿಕ್ಕಿಸಿ ಗುಡಿಸಿದಳು. ಹಿಡಿ ಯಾವಾಗ ಕೊಡುತ್ತಾಳೋ ದೊಡ್ಡವಳಿಗೇ ಗೊತ್ತು. ಕೊಡದೇ ಇರಲೂಬಹುದು.

ನನ್ನ ಮಗಳ ಕೋಪ ಹೋಗಿಲ್ಲ. ಮೊನ್ನೆ ಇನ್ನೊಂದು ಕೊಡ ಹೋಯಿತು. ಹೋಗಲಿ, ಕೊಡ ತಾನೇ. ಈ ಮನೆಯಲ್ಲಿ ಇನ್ನು ಯಾರ ಒಳಗೂ ಮೊಳೆ ಉಳಿಯುವುದು ಬೇಡ.

ಶಾಲೆಯ ಆ ಕಾಗದ ನಮ್ಮ ಹತ್ತಿರವೇ ಇದೆ. ನಮ್ಮವರು ನಿಲ್ಲುತ್ತಿದ್ದ ಆಚೆ ಕಡೆಯ ಕವೆಗೆ ಒಂದು ಕಾಲು ಗಿಡ್ಡ, ಸದಾ ಅಲುಗಾಡುತ್ತಿತ್ತು. ಸರಿ ಮಾಡ್ತೀನಿ ಎನ್ನುತ್ತಲೇ ಹೋದರು. ಕಾಗದವನ್ನು ಎಂಟು ಮಡಿಕೆ ಮಾಡಿ ಆ ಕಾಲಿನ ಅಡಿಗೆ ಇಟ್ಟಿದ್ದೇನೆ. ಸರಿಯಾಗಿ ಕೂತಿದೆ. ವಾಪಸ್ ಬೇಕಾದವರು ಬಂದು ತೊಲೆ ಎತ್ತಿ ತೆಗೆದುಕೊಂಡು ಹೋಗಲಿ.